ಡಿಗ್ರಿ ಇಲ್ಲದೆ ಜರ್ಮನಿಯ ಬ್ಲೂ ಕಾರ್ಡ್: ಬದಿಯಡ್ಕದವರ ಪ್ರಶ್ನೆಗೆ

ಡಿಪ್ಲೊಮಾ ಮಾಡಿ ಐಟಿಯಲ್ಲಿ ಕೆಲಸ ಮಾಡಿರುವ, ಕಾಸರಗೋಡು ಜಿಲ್ಲೆಯ ಬದಿಯಡ್ಕದವರೊಬ್ಬರು ತಮಗೆ ಬ್ಲೂ ಕಾರ್ಡ್ (ನುರಿತ ಕೆಲಸಗಾರರು ಅಲ್ಲಿ ಇದ್ದು ದುಡಿಯಲು ಕೊಡುವ ಪರವಾನಗಿ) ಸಿಗುತ್ತಾ ಎಂದು ಕೇಳಿದ್ದಾರೆ. ಡಿಪ್ಲೊಮಾದವರಿಗೆ ಅದು ಸಿಗಲ್ಲ ಎಂದ ನಿಮ್ಮ ಏಜೆಂಟ್ ಬಹುಶಃ ಹಳೆಯ ನಿಯಮ ಹೇಳಿದ್ದಾರೆ. 2023ರ ನವೆಂಬರ್‌ನಲ್ಲಿ ಅದು ಬದಲಾಗಿದೆ. ಐಟಿಯವರಿಗೆ ಕಳೆದ 7 ವರ್ಷಗಳಲ್ಲಿ 3 ವರ್ಷದ ಅನುಭವ ಇದ್ದರೆ ಡಿಗ್ರಿ ಬೇಡ. ನೀವು ಕೊಚ್ಚಿಯಲ್ಲಿ 5 ವರ್ಷ ದುಡಿದಿದ್ದೀರಿ ಅಲ್ವಾ, ದಾರಿ ಇದೆ.

ಮೊದಲು ಆಫರ್ ಲೆಟರ್ ನೋಡಿ. ಕೆಲಸ ಕನಿಷ್ಠ 6 ತಿಂಗಳದ್ದಾಗಿರಬೇಕು. ವರ್ಷದ ಸಂಬಳ 2025ರಲ್ಲಿ ಕನಿಷ್ಠ 43,759.80 ಯೂರೊ ಇರಬೇಕಿತ್ತು. ಇದು ವರ್ಷವರ್ಷ ಬದಲಾಗುತ್ತದೆ, ಈ ವರ್ಷದ ಮೊತ್ತಕ್ಕೆ ಹೋಲಿಸಿ.

ಆಮೇಲೆ ಅನುಭವ ಪತ್ರ. ಇದಕ್ಕೇ ಜಾಸ್ತಿ ಸಮಯ ಕೊಡಿ. ಹುದ್ದೆಯ ಹೆಸರು ಮಾತ್ರ ಇದ್ದರೆ ಸಾಲದು. ಡಿಗ್ರಿ ಓದಿದವರು ಮಾಡುವ ಮಟ್ಟದ ಕೆಲಸ ಅಂತ ಅದರಲ್ಲಿ ಕಾಣಬೇಕು: ಯಾವ ಪ್ರಾಜೆಕ್ಟ್, ಏನು ಜವಾಬ್ದಾರಿ, ಎಂದಿನಿಂದ ಎಂದಿನವರೆಗೆ. ನಿಮ್ಮ ಮೊದಲ 2 ವರ್ಷದ ಸಪೋರ್ಟ್ ಕೆಲಸವನ್ನು ಒಪ್ಪುತ್ತಾರೋ ಇಲ್ಲವೋ ಹೇಳುವುದು ಕಷ್ಟ. ಕೋಡಿಂಗ್ ಮಾಡಿದ 3 ವರ್ಷವನ್ನೇ ಗಟ್ಟಿಯಾಗಿ ತೋರಿಸಿ.

ವೀಸಾಕ್ಕೆ ಕಾಸರಗೋಡಿನವರು ಚೆನ್ನೈಗೆ ಹೋಗಬೇಕಿಲ್ಲ. ಕೇರಳ, ಕರ್ನಾಟಕ ಎರಡೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೆ ಸೇರುತ್ತವೆ. ಏಜೆಂಟ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಜರ್ಮನಿಯ ಕಾನ್ಸುಲರ್ ಸರ್ವಿಸಸ್ ಪೋರ್ಟಲ್ ಎಂಬ ವೆಬ್‌ಸೈಟ್‌ನಲ್ಲಿ ವೀಸಾ ಅರ್ಜಿ ನೀವೇ ತುಂಬಬಹುದು.