ಬಾಗಿಲಲ್ಲಿ ‘ಇಂದು ಸಿಎಂಇ’ ಬೋರ್ಡು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಡಾಕ್ಟರು ಆಗಾಗ ಕ್ಲಿನಿಕ್ ಮುಚ್ಚಿ ಸಿಎಂಇ ಅಂತ ಶಿವಮೊಗ್ಗಕ್ಕೆ ಹೋಗ್ತಾರೆ. ಅಲ್ಲಿ ನಿಜವಾಗಿ ಏನಾದರೂ ಕಲೀತಾರಾ, ಇಲ್ಲ ಊಟ ಮಾಡಿಕೊಂಡು ಬರ್ತಾರಾ?’

ಸಿಎಂಇ ಅಂದರೆ ಡಾಕ್ಟರುಗಳು ಓದು ಮುಗಿಸಿದ ಮೇಲೂ ಹೊಸದನ್ನು ಕಲಿಯಲು ಸೇರುವ ಸಭೆ. ಅಲ್ಲಿ ಎರಡೂ ಉಂಟು ಸಾರ್. ಯಾವುದು ಜಾಸ್ತಿ ಅನ್ನುವುದೇ ಪ್ರಶ್ನೆ.

ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ ಐದು ವರ್ಷಕ್ಕೆ 30 ಗಂಟೆ ಇಂಥ ಕಲಿಕೆ ಆಗಬೇಕು. ನೋಂದಣಿ ನವೀಕರಣಕ್ಕೆ ಹೋದಾಗ ಕರ್ನಾಟಕ ವೈದ್ಯಕೀಯ ಪರಿಷತ್ತು ಇದರ ಲೆಕ್ಕ ಕೇಳುತ್ತದೆ. ವರ್ಷಕ್ಕೆ ಆರು ಗಂಟೆ, ಅಂದರೆ ಒಂದು ಭಾನುವಾರದ ಬಾಬ್ತು.

ಅಂಥದೊಂದು ಭಾನುವಾರ ನಾನೂ ಹಿಂದಿನ ಸಾಲಲ್ಲಿ ಕೂತಿದ್ದೆ. ಕೆಲವರು ಬೆಳಗ್ಗೆಯೇ ಮಧ್ಯಾಹ್ನದ ಸಹಿಯನ್ನೂ ಹಾಕಿಬಿಟ್ಟರು. ತಜ್ಞರು ಒಂದೇ ಉಸಿರಿಗೆ ಎಂಬತ್ತು ಸ್ಲೈಡ್ ಓಡಿಸಿದರು. ಅಷ್ಟರಲ್ಲಿ ಪಲಾವಿನ ಘಮ ಬಂತು. ಕೊನೆಗೆ ಎದ್ದ ಪ್ರಶ್ನೆ ಒಂದೇ: ಸರ್ಟಿಫಿಕೇಟು ಎಲ್ಲಿ ಕೊಡ್ತಾರೆ?

ಬರೀ ಭಾಷಣ ಕೇಳಿಸಿದರೆ ವೈದ್ಯರ ಕೆಲಸದ ರೀತಿ ಬದಲಾಗುವುದಿಲ್ಲ ಅಂತ ಸಂಶೋಧಕ ಡೇವ್ ಡೇವಿಸ್ ಮತ್ತು ಜೊತೆಗಾರರು 1999ರಲ್ಲೇ ಬರೆದಿದ್ದರು. 2021ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 215 ಅಧ್ಯಯನಗಳನ್ನು ಸೇರಿಸಿ ನೋಡಿತು. ಭಾಷಣ, ಕಾರ್ಯಾಗಾರ ಎಲ್ಲ ಸೇರಿ ಇಂಥ ಸಭೆಗಳಿಂದ ವೈದ್ಯರ ಕೆಲಸದಲ್ಲಿ ಆದ ಸುಧಾರಣೆ ನೂರಕ್ಕೆ ಸುಮಾರು ಏಳು. ಕಡಿಮೆ ಅನ್ನಿಸುತ್ತೆ, ಅಲ್ವಾ? ಆದರೆ ದಿನಕ್ಕೆ ನೂರು ಜನರನ್ನು ನೋಡುವವರಿಗೆ ಅದು ಏಳು ರೋಗಿಗಳು.

ತನ್ನದೇ ರೋಗಿಯ ಕೇಸು ಹಿಡಿದು ಕೂತಾಗ ಕಥೆ ಬೇರೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲಿವರ್ ತಜ್ಞ ಸಂಜೀವ್ ಅರೋರಾ 2003ರಲ್ಲಿ ‘ಎಕೋ’ ಶುರುಮಾಡಿದರು. ಹಳ್ಳಿಗಾಡಿನ ಡಾಕ್ಟರು ವಾರವಾರ ವಿಡಿಯೊದಲ್ಲಿ ತಮ್ಮ ಹೆಪಟೈಟಿಸ್ ಸಿ (ವೈರಸ್ಸಿನಿಂದ ಬರುವ ಲಿವರ್ ಕಾಯಿಲೆ) ರೋಗಿಗಳ ವಿವರ ಇಡುವುದು, ತಜ್ಞರ ಜೊತೆ ಕೂತು ಬಿಡಿಸುವುದು. ಅಷ್ಟೇ. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ವೈರಸ್ ಹೋದವರು ತಜ್ಞರಿರುವ ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಶೇ 57.5, ಎಕೋ ಡಾಕ್ಟರುಗಳ ಹತ್ತಿರ ಶೇ 58.2! ನಮ್ಮ ನಿಮ್ಹಾನ್ಸ್ ಕೂಡ ಇದೇ ದಾರಿಯಲ್ಲಿ ದೂರದ ಡಾಕ್ಟರುಗಳಿಗೆ ಮಾನಸಿಕ ಕಾಯಿಲೆ, ಕುಡಿತದ ಚಟದ ಚಿಕಿತ್ಸೆ ಕಲಿಸುತ್ತಿದೆ.

ಇನ್ನು ಊಟದ ಬಿಲ್ಲು. ಔಷಧ ಕಂಪನಿಗಳ ಪ್ರಾಯೋಜನೆ ಇರುವ ಸಭೆಗೆ ಡಾಕ್ಟರು ಹೋಗಬಾರದು ಅಂತ 2023ರ ಆಗಸ್ಟಿನಲ್ಲಿ ನಿಯಮ ಬಂತು. ಅದೇ ತಿಂಗಳು ಅದನ್ನು ತಡೆಹಿಡಿದರು. ನನಗಂತೂ ಬೇಜಾರಾಯಿತು.

ಮುಂದಿನ ಸಲ ಬೋರ್ಡು ಕಂಡರೆ, ‘ಯಾವ ಕೇಸು ತಗೊಂಡು ಹೋಗಿದ್ರಿ ಡಾಕ್ಟ್ರೇ?’ ಅಂತ ಸುಮ್ನೆ ಕೇಳಿ ನೋಡಿ. ನನ್ನ ಪರಿಚಯದ ಒಬ್ಬರು ಅರ್ಧ ಗಂಟೆ ಹೇಳಿದರು. ಹೊರಗೆ ಕ್ಯೂ ಬೈಕೊಳ್ತಾ ಇತ್ತು.