ಅಣ್ಣನ ಮಗನ ಮೇಲೆ ದೂರು ಕೊಡಬೇಕೆ?

(ಗೋಣಿಕೊಪ್ಪದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ; ಹೆಸರು ಹಾಕಬೇಡಿ ಎಂದಿದ್ದಾರೆ. ಕಾಲೇಜಿಗೆ ಹೋಗುವ ಅವರ ಅಣ್ಣನ ಮಗ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಸ್ಲಿಮರ ಅಂಗಡಿಗೆ ಹೋಗಬೇಡಿ ಎಂದು ಬರೆಯುತ್ತಿದ್ದ. ಈಗ ತೋಟದ ಲೈನ್‌ಮನೆಯ ಅಸ್ಸಾಂ ಕಾರ್ಮಿಕರ ಫೋಟೊ ಹಾಕಿ, “ಇವರಿಗೆ ನಾವೇ ಒಂದು ಗತಿ ಕಾಣಿಸಬೇಕು” ಎಂದಿದ್ದಾನೆ. “ಬಲಪಂಥೀಯ ಉಗ್ರವಾದದ ಮೇಲೆ ನಿಗಾ ಇಡಿ ಎನ್ನುತ್ತೀರಿ. ಮನೆಯ ಹುಡುಗನ ಮೇಲೆ ಹೇಗೆ ಇಡಲಿ? ನಮ್ಮದು ಕೋವಿ ಇರುವ ಮನೆ. ಒಂದೇ ಕಡೆಯವರ ಬಗ್ಗೆ ಯಾಕೆ ಬರೆಯುತ್ತಾರೆ ಎಂದು ಅಣ್ಣ ಬೇರೆ ಕೇಳುತ್ತಾನೆ” ಎಂಬುದು ಪತ್ರದ ಸಾರ.)

ಮೇಡಂ,

ಮೊದಲು ನಿಮ್ಮ ಅಣ್ಣನ ಪ್ರಶ್ನೆ. ಯಾವ ಧರ್ಮದ ಹೆಸರಿನಲ್ಲಿ ಕೊಂದರೂ ಕೊಲೆ ಕೊಲೆಯೇ. ಆದರೆ ನಮ್ಮವರು ಎನಿಸಿದವರ ವಿಷಯದಲ್ಲಿ ಕಣ್ಣು ಮಂಜಾಗುತ್ತದೆ, ಪೊಲೀಸರಿಗೂ ಹಾಗೇ ಆಗುತ್ತದೆ. ಜರ್ಮನಿಯಲ್ಲಿ ನವನಾಜಿಗಳ, ಅಂದರೆ ಹಿಟ್ಲರನ ವಿಚಾರ ಹಿಡಿದವರ, ಒಂದು ಸಣ್ಣ ತಂಡ 2000ದಿಂದ 2007ರ ನಡುವೆ ಹತ್ತು ಜನರನ್ನು ಕೊಂದಿತು. ಅವರಲ್ಲಿ ಒಂಬತ್ತು ಮಂದಿ ವಲಸೆ ಬಂದ ಕುಟುಂಬದವರು. ತನಿಖೆ ಮಾಡಿದವರು ಸತ್ತವರ ಹೆಂಡತಿ ಮಕ್ಕಳನ್ನೇ ಅನುಮಾನಿಸಿ ವರ್ಷಗಟ್ಟಲೆ ಕಾಡಿದರು. ನಿಜ ಹೊರಬಿದ್ದದ್ದು 2011ರಲ್ಲಿ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ ಬಿಳಿಯ ಜನಾಂಗವಾದಿಯೊಬ್ಬನ ಗುಂಡಿಗೆ 51 ಜನ ಸತ್ತ ಮೇಲೆ ಕೂತ ಆಯೋಗವೂ ಗುಪ್ತಚರರ ಗಮನವೆಲ್ಲ ಇಸ್ಲಾಮೀ ಉಗ್ರರ ಕಡೆಗೇ ಇದ್ದದ್ದು ಸರಿಯಲ್ಲ ಎಂದಿತು. ಗಮನ ಹಂಚಿದ್ದರೆ ಆ ಹಂತಕ ಸಿಕ್ಕೇಬಿಡುತ್ತಿದ್ದ ಎಂದು ಮಾತ್ರ ಅದು ಹೇಳಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದ ಪ್ರಕರಣದಲ್ಲಿ ಬಂಧಿತರಾದವರ ಪೈಕಿ ಒಬ್ಬರು ಮಡಿಕೇರಿಯವರು. ಅವರು ಆರೋಪಿ ಮಾತ್ರ, ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ. 2022ರ ಮೇ ತಿಂಗಳಲ್ಲಿ ಪೊನ್ನಂಪೇಟೆಯ ಶಾಲೆಯೊಂದರಲ್ಲಿ ನಡೆದ ಬಜರಂಗದಳದ ಶಿಬಿರದಿಂದ ಏರ್‌ಗನ್ ಹಿಡಿದ ಯುವಕರ ಫೋಟೊಗಳು ಬಂದಾಗ, ಇದು ಆತ್ಮರಕ್ಷಣೆಯ ತರಬೇತಿ ಎಂದರು ಸಂಘಟಕರು. ಶಿಬಿರಕ್ಕೆ ಹೋದ ಹುಡುಗರೆಲ್ಲ ಉಗ್ರರು ಎಂದು ನಾನು ಹೇಳುವುದಿಲ್ಲ. ಆದರೆ ಯಾರಿಂದ ರಕ್ಷಣೆ ಎಂದು ಆ ಮಕ್ಕಳಿಗೆ ಹೇಳಿಕೊಟ್ಟರು ಎಂದು ಕೇಳುವ ಹಕ್ಕು ಅವರ ತಂದೆ ತಾಯಿಗಿತ್ತು.

ಇನ್ನು ಕೋವಿ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುವ ಕೋವಿ ಅಪಾಯದ ಗುರುತಲ್ಲ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಬೇಡ ಎಂಬ ವಿನಾಯಿತಿಯನ್ನು ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ನಮ್ಮ ಮೇಲಿಟ್ಟ ನಂಬಿಕೆ. ಅದಕ್ಕೇ ಹೇಳುತ್ತೇನೆ: “ಗತಿ ಕಾಣಿಸಬೇಕು” ಎಂದು ಬರೆಯುವ ಹುಡುಗನಿರುವ ಮನೆಯಲ್ಲಿ ಕೋವಿಯೂ ತೋಟಾಗಳೂ ಇಂದೇ ಬೀಗದೊಳಗೆ ಹೋಗಲಿ, ಬೇರೆ ಬೇರೆ ಕಡೆ. ಬೀಗದ ಕೈ ಅಣ್ಣನ ಹತ್ತಿರ ಇರಲಿ. ಈ ಮಾತಿಗೆ ಅವರು ಸಿಟ್ಟಾದರೆ ಆಗಲಿ.

ನಿಗಾ ಎಂದರೆ ಕದ್ದು ಅವನ ಫೋನ್ ನೋಡುವುದಲ್ಲ. ಎಲ್ಲರ ಕಣ್ಣಿಗೂ ಬಿದ್ದದ್ದನ್ನು ದಿನಾಂಕ, ಸಮಯ, ಎಲ್ಲಿಂದ ಬಂತು ಎಂಬುದರ ಸಮೇತ ತೆಗೆದಿಡುವುದು. ಅವನು ಯಾವ ಪಕ್ಷಕ್ಕೆ ಓಟು ಹಾಕುತ್ತಾನೆ, ಯಾವ ಶಾಲು ಹೊದೆಯುತ್ತಾನೆ ಎಂಬುದು ನಿಮ್ಮ ಲೆಕ್ಕಕ್ಕೆ ಬರಬಾರದು. ಗುರುತಿರುವ ಜನರ ಫೋಟೊ ಹಾಕಿ, ಜಾಗ ತೋರಿಸಿ, ಏನಾದರೂ ಮಾಡಬೇಕು ಎಂದಾಗ ಮಾತು ಅಭಿಪ್ರಾಯದ ಗಡಿ ದಾಟಿತು. ಇದು ಆ ಗಡಿ ದಾಟಿದೆ. ಇವತ್ತೇ ತೋಟದ ಮಾಲೀಕರಿಗೆ ತಿಳಿಸಿ, ಲೈನ್‌ಮನೆಯವರಿಗೆ ಗೊತ್ತಾಗಲಿ. ಯಾರೋ ಹೊರಟಿದ್ದಾರೆ, ಗುಂಪು ಸೇರುತ್ತಿದೆ ಎಂಬ ಸುಳಿವು ಸಿಕ್ಕರೆ ತಡಮಾಡದೆ ಪೊಲೀಸರಿಗೆ ಫೋನ್ ಮಾಡಿ, ಆಮೇಲೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೂ ಎಸ್ಪಿ ದರ್ಜೆಯ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ದ್ವೇಷ ಭಾಷಣಕ್ಕೆ ದೂರು ಬಾರದಿದ್ದರೂ ಪ್ರಕರಣ ದಾಖಲಿಸಿ ಎಂದು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು.

ಹುಡುಗನನ್ನು ಮಾತ್ರ ಕೈಬಿಡಬೇಡಿ, ಗುಂಪಿನಿಂದಲೂ ತೆಗೆಯಬೇಡಿ. ಜರ್ಮನಿಯಲ್ಲಿ 2000ದಲ್ಲಿ ಒಬ್ಬ ಮಾಜಿ ಪೊಲೀಸ್ ಅಧಿಕಾರಿ, ಒಬ್ಬ ಮಾಜಿ ನವನಾಜಿ ಸೇರಿ ಎಕ್ಸಿಟ್ ಎಂಬ ಸಂಸ್ಥೆ ಕಟ್ಟಿದರು, ಆ ಗುಂಪುಗಳನ್ನು ಬಿಟ್ಟು ಬರುವವರಿಗೆ ಆಸರೆಯಾಗಲು. 2014ರಲ್ಲಿ ವುನ್‌ಸೀಡೆಲ್ ಊರಿನವರು ನವನಾಜಿಗಳ ಮೆರವಣಿಗೆ ಸಾಗಿದ ಒಂದೊಂದು ಮೀಟರಿಗೂ ಹತ್ತು ಯೂರೊ ಲೆಕ್ಕದಲ್ಲಿ ಅದೇ ಸಂಸ್ಥೆಗೆ ದೇಣಿಗೆ ಸೇರಿಸಿದರು. ಹೊರಗೆ ಬಂದರೆ ಕರೆದು ಕೂರಿಸುವವರು ಇದ್ದಾರೆ ಎಂದು ಗೊತ್ತಿದ್ದರೇ ಯಾರಾದರೂ ಬರುವುದು. ನಿಮ್ಮ ಮನೆಯಲ್ಲಿ ಅಂಥವರು ನೀವೇ. ಎಲ್ಲರೆದುರು ವಾದಕ್ಕೆ ಇಳಿಯಬೇಡಿ. ಒಬ್ಬನೇ ಸಿಕ್ಕಾಗ ಆ ಫೋಟೊ ಮುಂದಿಡಿ. ಅದರಲ್ಲಿ ಹಗ್ಗದ ಮೇಲೆ ಪುಟ್ಟ ಮಗುವಿನ ಶಾಲೆಯ ಸಮವಸ್ತ್ರ ಒಣಗುತ್ತಿದೆ. ಇದು ಯಾರ ಮಗು, ಈ ಫೋಟೊ ನಿನಗೆ ಕಳಿಸಿದವರು ಯಾರು ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಮೂವತ್ತು ವರ್ಷ ಮಕ್ಕಳ ಜೊತೆ ಇದ್ದವರಿಗೆ ಕಾಯುವುದನ್ನು ನಾನು ಹೇಳಿಕೊಡಬೇಕಿಲ್ಲ.

ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ನಾವು ಅಚ್ಚು ಹಾಕುವುದಿಲ್ಲ. ಅಚ್ಚಾದರೆ ಆ ಕಾರ್ಮಿಕರ ಮುಖ ಇನ್ನಷ್ಟು ಜನರ ಕೈಸೇರುತ್ತದೆ, ಹುಡುಗನಿಗೂ ಹಿಂದಿರುಗುವ ದಾರಿ ಮುಚ್ಚುತ್ತದೆ. ಮೂಲ ಪ್ರತಿಗಳನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತವೆ.

— ಸಂಪಾದಕ