ಟೆಂಪೊ ಬೇಡ, ಮೊದಲು ಕ್ಲೇಮು ಹಾಕಿ

ಬೆಳಗಾವಿ ಉದ್ಯಮಬಾಗದ ವರ್ಕ್‌ಶಾಪ್ ಮಾಲೀಕರೊಬ್ಬರ ಪತ್ರ: “ಒಂದು ಪ್ರೈವೇಟ್ ಲಿಮಿಟೆಡ್ ಫೌಂಡ್ರಿಯಿಂದ ನನಗೆ 22 ಲಕ್ಷ ಬಾಕಿ ಬರಬೇಕು. ಬ್ಯಾಂಕಿನವರು ಅದರ ಮೇಲೆ ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ (ಕಂಪನಿ ಕಾನೂನು ನ್ಯಾಯಮಂಡಳಿ) ದಿವಾಳಿ ಅರ್ಜಿ ಹಾಕಿದ್ದರು, ಅಡ್ಮಿಟ್ ಆಗಿದೆ. ಬಾಡಿಗೆಗೆ ಕೊಟ್ಟ ನನ್ನ ಡ್ರಿಲ್ಲಿಂಗ್ ಮಷಿನ್ ಅಲ್ಲೇ ಇದೆ. ಟೆಂಪೊ ತಗೊಂಡು ಹೋಗಿ ಎತ್ತಿಕೊಂಡು ಬರಲೇ? ಹಳೇ ಚೆಕ್ ಬೌನ್ಸ್ ಕೇಸ್ ಬೇರೆ ನಡೆದಿದೆ.”

ಸಂಪಾದಕರ ಉತ್ತರ:

ಟೆಂಪೊ ಕಳಿಸಬೇಡಿ. ಅರ್ಜಿ ಅಡ್ಮಿಟ್ ಆದ ದಿನದಿಂದಲೇ ಮೊರಟೋರಿಯಂ, ಅಂದರೆ ಕಂಪನಿ ಮೇಲಿನ ವಸೂಲಿಗೆ ತಾತ್ಕಾಲಿಕ ತಡೆ, ಜಾರಿಯಲ್ಲಿದೆ. ಕಂಪನಿ ಮೇಲೆ ಹೊಸ ದಾವೆ ಹಾಕುವಂತಿಲ್ಲ, ಹಳೆಯದು ಮುಂದುವರಿಯುವಂತಿಲ್ಲ. ಬ್ಯಾಂಕು ಕೂಡ ಅಡವಿಟ್ಟ ಶೆಡ್ಡಿಗೆ ಕೈ ಹಾಕುವಂತಿಲ್ಲ. ಮಷಿನ್ ನಿಮ್ಮದೇ, ಅದು ಕಂಪನಿ ಆಸ್ತಿಗೆ ಸೇರಲ್ಲ. ಆದರೂ ಈ ಅವಧಿಯಲ್ಲಿ ಅದನ್ನು ಎತ್ತಿಕೊಂಡು ಬರುವ ಹಕ್ಕು ಮಾಲೀಕನಿಗೂ ಇಲ್ಲ. ಖರೀದಿ ಬಿಲ್ಲು, ಬಾಡಿಗೆ ಕರಾರು ಇಟ್ಟು ರೆಸಲ್ಯೂಷನ್ ಪ್ರೊಫೆಷನಲ್‌ಗೆ ಬರೆದು ತಿಳಿಸಿ. ಇವರು ಈ ಅವಧಿಯಲ್ಲಿ ಕಂಪನಿ ನೋಡಿಕೊಳ್ಳೋಕೆ ನ್ಯಾಯಮಂಡಳಿ ನೇಮಿಸಿದವರು, ಡೈರೆಕ್ಟರುಗಳ ಅಧಿಕಾರ ಈಗ ಅವರ ಕೈಯಲ್ಲಿದೆ.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಅಂದರೆ, 2016ರ ದಿವಾಳಿ ಸಂಹಿತೆ ಬಾಕಿ ವಸೂಲಿಗೆ ಅಂತ ಮಾಡಿದ್ದಲ್ಲ. ನಡೆಯುತ್ತಿರುವ ಫೌಂಡ್ರಿಗೆ ಸಿಗುವ ಬೆಲೆ ಅದನ್ನೇ ಬಿಚ್ಚಿ ಗುಜರಿಗೆ ಹಾಕಿದರೆ ಸಿಗಲ್ಲ. ಒಬ್ಬ ಮೋಟಾರು, ಇನ್ನೊಬ್ಬ ಲೇತ್ ಹೊತ್ತುಕೊಂಡು ಹೋದರೆ ಆಮೇಲೆ ಕೊಳ್ಳೋಕೆ ಯಾರು ಬರ್ತಾರೆ? ಹೊಸ ಮಾಲೀಕನನ್ನು ಹುಡುಕೋಕೆ 180 ದಿನ, ಬೇಕಾದರೆ ಇನ್ನೂ 90. ಕೋರ್ಟು ಕಚೇರಿ ಸೇರಿ 330 ದಿನ ಅಂತ ಕಾನೂನು ಹೇಳುತ್ತದೆ. ನಡೆಯೋದು ಅದಕ್ಕಿಂತ ಜಾಸ್ತಿನೇ.

ಹೊಸ ಮಾಲೀಕನ ಯೋಜನೆಗೆ ಸಾಲ ಕೊಟ್ಟವರ ಸಮಿತಿಯಲ್ಲಿ ಶೇ. 66 ಮತ ಬೀಳಬೇಕು. ಮಾಲು ಕೊಟ್ಟವರಿಗೆ, ಕೆಲಸ ಮಾಡಿಕೊಟ್ಟವರಿಗೆ ಅಲ್ಲಿ ಮತವಿಲ್ಲ. ಈ ಭೇದ ಸರಿ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಸ್ವಿಸ್ ರಿಬ್ಬನ್ಸ್ ಪ್ರಕರಣದಲ್ಲಿ ಹೇಳಿದೆ. ನನಗಂತೂ ಪೂರ್ತಿ ಒಪ್ಪಿಗೆ ಆಗಿಲ್ಲ. ಕಂಪನಿ ಮುಚ್ಚಿ ಮಾರಿದ್ದರೆ ಸಿಗುತ್ತಿದ್ದಷ್ಟಾದರೂ ನಿಮಗೆ ಕೊಡಲೇಬೇಕು ಅನ್ನೋದು ನಿಜ. ಆದರೆ ಹಾಗೆ ಮಾರಿದ ದುಡ್ಡು ಹಂಚುವ ಸರದಿ ಸಾಲು ನೋಡಿ. ಪ್ರಕ್ರಿಯೆಯ ಖರ್ಚು ಮೊದಲು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನದ ಸಾಲ ಜೊತೆಜೊತೆಗೆ. ಅವರ ಹಿಂದೆ ಉಳಿದ ನೌಕರರು, ಅಡಮಾನವಿಲ್ಲದೆ ಸಾಲ ಕೊಟ್ಟವರು, ಸರ್ಕಾರ. ನಿಮ್ಮಂಥವರು ಅದಕ್ಕೂ ಕೆಳಗೆ. ಷೇರುದಾರರಷ್ಟೇ ನಿಮ್ಮ ಹಿಂದೆ. ಎಷ್ಟೋ ಸಲ ನಿಮ್ಮ ಸರದಿ ಬರೋ ಹೊತ್ತಿಗೆ ಏನೂ ಉಳಿದಿರಲ್ಲ.

ಹಾಗಂತ ಸುಮ್ನೆ ಕೂರಬೇಡಿ. ಮಾಲು, ಕೆಲಸದ ಬಾಕಿ ಬರಬೇಕಾದವರ ಕ್ಲೇಮು ಅರ್ಜಿಯಾದ ಫಾರ್ಮ್ ಬಿ ತುಂಬಿ, ಬಿಲ್ಲು, ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ, ಪ್ರೊಫೆಷನಲ್ ಹೊರಡಿಸಿದ ಪ್ರಕಟಣೆಯಲ್ಲಿರುವ ಕೊನೇ ತಾರೀಕಿನೊಳಗೆ ಕ್ಲೇಮು ಕೊಡಿ. ಕ್ಲೇಮು ಹಾಕದವರ ಬಾಕಿ ಯೋಜನೆ ಮಂಜೂರಾದ ಮೇಲೆ ಮುಳುಗಿದ ಹಾಗೆಯೇ.

ಫೌಂಡ್ರಿ ಈಗಲೂ ಜಾಬ್ ವರ್ಕ್ ಕಳಿಸಿದರೆ ಹಳೇ ಸಿಟ್ಟಿಗೆ ವಾಪಸ್ ಕಳಿಸಬೇಡಿ. ಫೌಂಡ್ರಿ ನಡೆಸೋಕೆ ಪ್ರೊಫೆಷನಲ್ ಮಾಡಿಸುವ ಕೆಲಸದ ಬಿಲ್ಲು ಪ್ರಕ್ರಿಯೆಯ ಖರ್ಚಿಗೆ ಸೇರುತ್ತದೆ, ಅಂದರೆ ಸಾಲಿನ ಮುಂದಕ್ಕೆ. ಅವರ ಸಹಿ ಇರುವ ಆರ್ಡರ್ ಕೈಗೆ ಬರದೆ ಮಾತ್ರ ಕೆಲಸ ಹಿಡಿಯಬೇಡಿ.

ಚೆಕ್ ಕೇಸು ಕಂಪನಿ ಮಟ್ಟಿಗೆ ನಿಲ್ಲುತ್ತದೆ. ಸಹಿ ಹಾಕಿದ ಡೈರೆಕ್ಟರ್ ಮೇಲಿನದು ನಿಲ್ಲಲ್ಲ, 2021ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಮುಂದಿನ ತಾರೀಕು ತಪ್ಪಿಸಬೇಡಿ.